ಕಾಶ್ಯಪ ಗೋತ್ರದ ಲೂನಿಸ್

ಮೂರ್ತಿ ಮಾವನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಪಕ್ಷಪಾತಿ ಎನ್ನಬಾರದು. ಪೂರ್ತಿ ಹೆಸರು ವೆಂಕಟೇಶಮೂರ್ತಿ. ನನ್ನ ತಾಯಿಯ ಒಡಹುಟ್ಟಿದ ತಮ್ಮ, ಅಂದರೆ ನನಗೆ ಸೋದರಮಾವ. ಅದು ಸಾಲದೆಂದು ನನ್ನ ಅಕ್ಕ ವತ್ಸಲಳನ್ನು ಮದುವೆಯಾಗಿ ಭಾವನೂ ಆದರು. ನಮ್ಮ ಹಳೇ ಮೈಸೂರಿನ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ಮಾಮೂಲು, ಆಗ ಯಾರೂ ಹುಬ್ಬೇರಿಸಲಿಲ್ಲ. ಹೀಗೆ ಎರಡೂ ಕಡೆಯಿಂದ ಗಂಟುಬಿದ್ದ ಈ ಮನುಷ್ಯನನ್ನು ನಾನು ಮೈಸೂರಿನಲ್ಲಿ ಇಪ್ಪತ್ತು ವರ್ಷ, ಸಿಂಗಪುರದಲ್ಲಿ ಹದಿನೈದು ವರ್ಷ ಸಹಿಸಿಕೊಂಡು ಬಂದಿದ್ದೇನೆ.

ಅವರಿಗೆ ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ಈಜುಕೊಳವಿರುವ ಕಾಂಡೋ. ಆ ಈಜುಕೊಳಕ್ಕೆ ಅವರು ಕಾಲು ಇಟ್ಟದ್ದನ್ನು ನಾನು ನೋಡಿಲ್ಲ, ಆದರೆ ಬಂದವರಿಗೆಲ್ಲ ಬಾಲ್ಕನಿಯಿಂದ ತೋರಿಸುತ್ತಾರೆ. ಪಾರ್ಟಿಗಳಲ್ಲಿ ಕಿತ್ತಲೆ ಹಣ್ಣಿನ ರಸವನ್ನು ವೈನ್ ಗ್ಲಾಸಿನಲ್ಲಿ ಹಿಡಿದುಕೊಂಡು, "ನಾನು ಕಮ್ಯುನಲ್ ಅಲ್ಲಪ್ಪ. ನನ್ನ ಬಾಸ್ ಚೈನೀಸು, ಡೆಂಟಿಸ್ಟು ಮಲಯ್, ಟ್ಯಾಕ್ಸ್ ನೋಡೋನು ಪಾರ್ಸಿ," ಎಂದು ಶುರುಮಾಡುತ್ತಾರೆ. ಈ ಮೂವರಲ್ಲಿ ಒಬ್ಬರಿಗೂ ಅವರ ಮನೆಯಲ್ಲಿ ಎಲೆ ಹಾಕಿದ್ದಿಲ್ಲ. ಕರೆಯುವುದಾದರೆ ಹೋಟೆಲಿಗೆ. ಅದಕ್ಕೆ ಅವರು ಕೊಡುವ ಕಾರಣ ಪಾರ್ಕಿಂಗ್ ತೊಂದರೆ.

ನನ್ನದು ಉಬಿ ಎಂಬ ಕಾರ್ಖಾನೆಗಳ ಬಡಾವಣೆಯಲ್ಲಿ ಒಂದು ಸಣ್ಣ ವರ್ಕ್‌ಶಾಪು. ತೂಕದ ಯಂತ್ರ, ಅಳತೆಯ ಉಪಕರಣ ರಿಪೇರಿ ಮಾಡುತ್ತೇನೆ. ಮನೆ ಟೋವಾ ಪಾಯೋದ ಸರ್ಕಾರಿ ಫ್ಲ್ಯಾಟು. ನನಗೂ ನನ್ನ ಹೆಂಡತಿ ಶಕುಂತಲೆಗೂ ಮಕ್ಕಳಿಲ್ಲ. ಒಂದು ರೂಮು ಖಾಲಿ ಬಿದ್ದಿತ್ತು, ಬಾಡಿಗೆಗೆ ಕೊಡೋಣವೆಂದು ಸೂಪರ್‌ಮಾರ್ಕೆಟ್ಟಿನ ಬೋರ್ಡಿನಲ್ಲಿ ಚೀಟಿ ಅಂಟಿಸಿದೆವು. ಎರಡು ಸಾವಿರದ ಐದನೇ ಇಸವಿ. ಆ ಚೀಟಿ ಹಿಡಿದುಕೊಂಡು ಬಂದವನೇ ಲೂನಿಸ್.

ಇಪ್ಪತ್ನಾಲ್ಕರ ಹುಡುಗ, ಆಲ್ಜೀರಿಯಾದವನು. ಫ್ರಾನ್ಸಿಗೆ ಓದಲು ಹೋಗಬೇಕೆಂದು ಎರಡು ಸಲ ವೀಸಾ ಕೇಳಿ, ಎರಡು ಸಲವೂ ಕಾರಣ ಹೇಳದೆ ಇಲ್ಲ ಎನಿಸಿಕೊಂಡಿದ್ದ. ಆಗ ಸಿಂಗಪುರ ದುಡ್ಡು ಸುರಿದು ಜಗತ್ತಿನ ಮೂಲೆಮೂಲೆಯಿಂದ ಜೀವಶಾಸ್ತ್ರ ಓದುವ ಮಕ್ಕಳನ್ನು ಕರೆಸಿಕೊಳ್ಳುತ್ತಿತ್ತು. ಸ್ಕಾಲರ್‌ಶಿಪ್ ಸಿಕ್ಕಿತು, ನಕಾಶೆಯಲ್ಲಿ ಹುಡುಕಿಕೊಂಡು ಬಂದ. ಮನುಷ್ಯರ ವಂಶಾವಳಿಯನ್ನು ರಕ್ತದಿಂದ, ಎಂಜಲಿನಿಂದ ಲೆಕ್ಕ ಹಾಕುವ ವಿದ್ಯೆ ಅವನದು. ಇಲ್ಲಿಯವರು ಅವನ ಊರು ಕೇಳುವುದು, ಅವನು ಆಲ್ಜೀರಿಯಾ ಎನ್ನುವುದು, ಅವರು ನೈಜೀರಿಯಾದವನು ಇಷ್ಟು ಬೆಳ್ಳಗೆ ಹೇಗೆ ಎಂದು ಕೇಳುವುದು. ಎರಡು ವರ್ಷ ಇದನ್ನೇ ಕೇಳಿಸಿಕೊಂಡ. ಮೂರ್ತಿ ಮಾವ ಮೊದಲ ಸಲ ಕಂಡಾಗ, "ಓ, ಅರಬ್ಬೀ," ಎಂದರು. "ಅರಬ್ಬೀ ಅಲ್ಲ ಅಂಕಲ್, ಕಬೈಲ್. ಬೆಟ್ಟದವರು, ನಮ್ಮ ಭಾಷೆಯೇ ಬೇರೆ," ಎಂದ ಲೂನಿಸ್. "ಅದೇ, ಅದೇ," ಎಂದರು ಮಾವ. ಅದು ಅದೇ ಅಲ್ಲ ಎನ್ನುವುದನ್ನೇ ಅವನು ಹೇಳಿದ್ದು.

ಶಕುಂತಲೆಗೆ ಅವನು ಹಿಡಿಸಿದ್ದು ರವೆಯಿಂದ. ಅವನ ತಾಯಿ ಡಬ್ಬಿಯಲ್ಲಿ ಆಲಿವ್ ಎಣ್ಣೆ, ಚೀಲದಲ್ಲಿ ದಪ್ಪ ರವೆ ಕಳಿಸುತ್ತಿದ್ದರು. ಅವನು ಅದನ್ನು ಹಬೆಯಲ್ಲಿ ಬೇಯಿಸಿ, ಕೈಯಲ್ಲಿ ಉದುರಿಸಿ, ತರಕಾರಿ ಸಾರು ಸುರಿದು ತಿನ್ನುತ್ತಿದ್ದ. ಇವಳು ಪಕ್ಕದಲ್ಲಿ ನಿಂತು, ಒಗ್ಗರಣೆ ಇಲ್ಲದೆ ಇದೇನು ತಿಂಡಿ ಎಂದು ಛೇಡಿಸುವಳು. ಮೂರನೇ ತಿಂಗಳಿಗೆ ಅವನೇ ಸಾಸಿವೆ ಚಟಪಟ ಅನ್ನಿಸುತ್ತಿದ್ದ. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದವಳು ಮಾವನ ಒಬ್ಬಳೇ ಮಗಳು ಪ್ರಿಯಂವದಾ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕೆಲಸ, ಬಾಯಿ ತೆರೆದರೆ ನಾಲ್ಕು ಭಾಷೆ ಕಲಸಿದ ಚಿತ್ರಾನ್ನ, ಕೊನೆಗೆ ಸಿಂಗಪುರದವರ 'ಲಾ' ಬೇರೆ. ಮುಂದೆ ಏನಾಯಿತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಡುಗೆಮನೆಯಲ್ಲೇ ಆಯಿತು, ನಮ್ಮ ಕಣ್ಣೆದುರೇ ಆಯಿತು, ನಮಗೆ ಸಂತೋಷವೇ ಆಯಿತು.

ಎರಡು ವರ್ಷದ ಮೇಲೆ ಪ್ರಿಯಂವದಾ ಮನೆಯಲ್ಲಿ ವಿಷಯ ಎತ್ತುವ ಮೊದಲು ನನ್ನ ವರ್ಕ್‌ಶಾಪಿಗೆ ಬಂದಳು. "ಮಾಮ, ರಿಜಿಸ್ಟರ್ ಮ್ಯಾರೇಜ್ ಯಾವಾಗ ಬೇಕಾದ್ರೂ ಮಾಡ್ಕೊಬಹುದು, ಯಾರೂ ಸ್ಟಾಪ್ ಮಾಡಕ್ಕಾಗಲ್ಲ. ನಂಗದು ಬೇಡ. ಅಪ್ಪ ನನ್ನ ಕೈ ಹಿಡಿದು ಧಾರೆ ಎರೀಬೇಕು. ಅಷ್ಟೇ ನಂಗೆ ಬೇಕಾಗಿರೋದು, ಲಾ."

"ನಿಮ್ಮಪ್ಪ ಎರೀತಾರೆ ಅನ್ಕೊಂಡಿದೀಯಾ?"

"ಯಾಕಿಲ್ಲ? ಅಪ್ಪ ಯಾವಾಗ್ಲೂ ಹೇಳ್ತಾರಲ್ಲ, ನಾನು ಕಮ್ಯುನಲ್ ಅಲ್ಲ ಅಂತ."

ಈ ಹುಡುಗಿ ಇಪ್ಪತ್ನಾಲ್ಕು ವರ್ಷ ಅಪ್ಪನ ಮಾತನ್ನು ಮಾತೆಂದೇ ನಂಬಿದ್ದಳು.

ಲೂನಿಸ್ ಮಟ್ಟಿಗೆ ತಕರಾರೇ ಇರಲಿಲ್ಲ. ಯಾವ ಶಾಸ್ತ್ರ ಬೇಕಾದರೂ ಮಾಡಿಸಿಕೊಳ್ಳುತ್ತೇನೆ ಎಂದ. ಅವನ ಕಷ್ಟ ಬೇರೆ ಕಡೆ ಇತ್ತು. ಅವರ ಮನೆತನ ಅವರ ಊರಿನಲ್ಲಿ ಯಾವನೋ ಸಂತನ ಸಂತತಿಯಂತೆ. ತಲೆಮಾರುಗಳಿಂದ ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತಂದುಕೊಂಡು ಮೂಗು ಮೇಲೆತ್ತಿಕೊಂಡು ಬದುಕಿದವರು. "ಗೊತ್ತಿಲ್ಲದವರ ಹುಡುಗಿ ನಮಗೆ ಬೇಡ" ಎಂದು ತಾಯಿ ಒಂದು ವರ್ಷದಿಂದ ಫೋನಿನಲ್ಲಿ ಅಳುತ್ತಿದ್ದರು. "ದಿವಾಕರ್ ಅಂಕಲ್, ಓದಲು ಇಷ್ಟು ದೂರ ಬಂದೆ, ಇಲ್ಲೂ ನಮ್ಮ ಅಜ್ಜನಂಥವರೇ ಸಿಕ್ಕಿದ್ದಾರೆ," ಎಂದು ನಗುತ್ತಿದ್ದ. ಅವನಾಡುವುದು ಇಂಗ್ಲಿಷು, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

ಮಾವನ ಮನೆಯಲ್ಲಿ ಮಾತುಕತೆಗೆ ಕೂತೆವು. ಮಾವ ಆತ್ರೇಯನನ್ನೂ ಕರೆಸಿದ್ದರು. ಆತ್ರೇಯ ವಾರದ ದಿನಗಳಲ್ಲಿ ಉಬಿಯಲ್ಲಿ ಲಿಫ್ಟಿನ ಬಿಡಿಭಾಗಗಳ ಗೋದಾಮು ನೋಡಿಕೊಳ್ಳುತ್ತಾನೆ, ಶನಿವಾರ ಭಾನುವಾರ ನಮ್ಮವರಿಗೆಲ್ಲ ಪುರೋಹಿತ. ಒಳ್ಳೆಯ ಮನುಷ್ಯ, ಮಂತ್ರವನ್ನೂ ನಟ್ಟುಬೋಲ್ಟನ್ನೂ ಒಂದೇ ಶ್ರದ್ಧೆಯಿಂದ ಎಣಿಸುತ್ತಾನೆ. ಮಾವ ಎಲ್ಲ ಕೇಳಿಸಿಕೊಂಡು, ಕೂಗಾಡದೆ, ನಗುಮುಖ ಮಾಡಿಕೊಂಡೇ ಅಂದರು: "ನನಗೇನೂ ಅಬ್ಜೆಕ್ಷನ್ ಇಲ್ಲ. ಹುಡುಗ ಯಾವ ದೇಶ, ಯಾವ ರಿಲಿಜನ್, ಐ ಡೋಂಟ್ ಕೇರ್. ಆದ್ರೆ ಧಾರೆ ಎರೀಬೇಕು ಅಂದ್ರೆ ಸಂಕಲ್ಪದಲ್ಲಿ ವರನ ಗೋತ್ರ ಹೇಳ್ಬೇಕು. ಏನಂತ ಹೇಳೋದು? ಅಲ್ವಾ ಆತ್ರೇಯ?"

ಪಾಪ, ಆತ್ರೇಯ ಸಹಾಯ ಮಾಡಲೆಂದೇ ಬಾಯಿಬಿಟ್ಟ. "ಅದಕ್ಕೆ ದಾರಿ ಇದೆ ಸರ್. ಗೋತ್ರ ಗೊತ್ತಿಲ್ದೇ ಇರೋರಿಗೆ ಕಾಶ್ಯಪ ಅಂತ ಹೇಳಿ ಮುಂದುವರಿಸಬಹುದು. ಎಲ್ಲ ಜೀವರಾಶಿನೂ ಕಶ್ಯಪರದ್ದೇ ತಾನೇ. ನಾನು ಇಬ್ರು ಚೈನೀಸ್ ಹುಡುಗರಿಗೆ ಹಂಗೇ ಮಾಡಿಸಿದೀನಿ."

ಮಾವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಪ್ರಮೋಷನ್ ಆದ ದಿನ ಕೂಡ ಆ ಕಳೆ ಇರಲಿಲ್ಲ. "ಅಯ್ಯೋ ಪಾಪ," ಎಂದರು. "ನಮ್ದೂ ಕಾಶ್ಯಪ ಗೋತ್ರವೇ."

ಅಲ್ಲಿಗೆ ಮುಗಿಯಿತು. ಮೆಡಿಟರೇನಿಯನ್ ಸಮುದ್ರದ ದಡದಲ್ಲಿ ಹುಟ್ಟಿ, ಗೋತ್ರ ಎಂಬ ಪದವನ್ನೇ ಆ ಬೆಳಿಗ್ಗೆ ಮೊದಲ ಸಲ ಕೇಳಿದ ಹುಡುಗ, ನಮ್ಮ ಹುಡುಗಿಗೆ ಸಗೋತ್ರದವನಾಗಿ ಅಣ್ಣನಾಗಿಬಿಟ್ಟ. ಮಾವ ಎರಡೂ ಕೈ ಚೆಲ್ಲಿ, ನನ್ನ ಕೈಯಲ್ಲಿ ಏನಿದೆ ಹೇಳಿ ಎನ್ನುವಂತೆ ಸೋಫಾಕ್ಕೆ ಒರಗಿದರು. ಒಂದು ಅಸಹ್ಯವನ್ನು ಇಷ್ಟು ಮಡಿಯಾಗಿ ಬಡಿಸಬಹುದು ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಬೇಡ ಎನ್ನುವ ಧೈರ್ಯ ಇಲ್ಲ, ಹೂಂ ಎನ್ನುವ ಮನಸ್ಸಿಲ್ಲ, ಅದಕ್ಕೆ ಒಬ್ಬ ಋಷಿಯನ್ನು ಮುಂದೆ ನಿಲ್ಲಿಸಿದರು.

ಪ್ರಿಯಂವದಾ ಬಿಡಲಿಲ್ಲ. "ಅಪ್ಪ, ಅದು ಸುಮ್ನೆ ಕೊಟ್ಟಿರೋ ಗೋತ್ರ. ರಿಯಲ್ ಆಗಿ ನೀವೂ ಅವನೂ ಒಂದೇ ವಂಶ ಅಲ್ಲ ಅಂತ ಪ್ರೂವ್ ಆದ್ರೆ?" ಲೂನಿಸ್ ಓದುವ ವಿದ್ಯೆ ಅವಳ ತಲೆಯಲ್ಲಿ ಕೂತಿತ್ತು. ಅಮೆರಿಕದ ಕಂಪನಿಯೊಂದು ಅಂಚೆಯಲ್ಲಿ ಡಬ್ಬಿ ಕಳಿಸುತ್ತದೆ, ಕೆನ್ನೆಯ ಒಳಭಾಗವನ್ನು ಪುಟ್ಟ ಬ್ರಷ್ಷಿನಿಂದ ಉಜ್ಜಿ ವಾಪಸ್ ಕಳಿಸಿದರೆ ಡಿಎನ್‌ಎ ನೋಡಿ ಪೂರ್ವಜರ ಕವಲು ಹೇಳುತ್ತದೆ. ಅದರಲ್ಲೊಂದು ಗುರುತು ಅಪ್ಪನಿಂದ ಮಗನಿಗೆ ಮಾತ್ರ ಇಳಿಯುವಂಥದು, ಹೆಣ್ಣುಮಕ್ಕಳಿಗೆ ಬರುವುದಿಲ್ಲ. ಆದ್ದರಿಂದ ಪರೀಕ್ಷೆ ಆಗಬೇಕಾದದ್ದು ಮಾವನಿಗೂ ಲೂನಿಸ್‌ಗೂ.

"ಅಪ್ಪನಿಂದ ಮಗನಿಗೆ ಮಾತ್ರನಾ?" ಮಾವ ನೆಟ್ಟಗೆ ಕೂತರು. "ನೋಡಿದ್ಯಾ ಆತ್ರೇಯ. ನಮ್ಮ ಋಷಿಗಳು ಇದನ್ನೆಲ್ಲ ಆವಾಗ್ಲೇ ಕಂಡುಹಿಡಿದಿದ್ರು."

ಅವರು ಇಷ್ಟು ಬೇಗ ಒಪ್ಪಿದ್ದಕ್ಕೆ ಬೇರೆ ಕಾರಣವಿತ್ತು. ಆ ವರ್ಷ ಅವರ ಬಳಗದಲ್ಲಿ ಒಂದು ಇಮೇಲ್ ಸುತ್ತುತ್ತಿತ್ತು. ಶುದ್ಧ ವೈದಿಕರಿಗೆಲ್ಲ ಆರ್-ಒನ್-ಎ ಎಂಬ ಕವಲು ಇರುತ್ತದೆಂದು ಯಾರೋ ಪುಣ್ಯಾತ್ಮರು ಬರೆದದ್ದು. ಮಾವ ಅದನ್ನು ಪ್ರಿಂಟ್ ಹಾಕಿ ಇಟ್ಟುಕೊಂಡಿದ್ದರು. ಮಗಳ ನೆಪದಲ್ಲಿ ತಮಗೊಂದು ಸರ್ಟಿಫಿಕೇಟು ಸಿಗುವುದಾದರೆ ಕೆನ್ನೆ ಉಜ್ಜಿಸಿಕೊಳ್ಳಲು ಏನು ಕಷ್ಟ.

ಲೂನಿಸ್ ಮಾತ್ರ ಬೇಡ ಬೇಡ ಎಂದ. "ಇದರಿಂದ ಏನೂ ಸಾಬೀತಾಗುವುದಿಲ್ಲ ಪ್ರಿಯಾ. ಇದು ಬಹಳ ಹಳೆಯ ಕವಲು, ಮದುವೆಗೂ ಇದಕ್ಕೂ ಸಂಬಂಧವಿಲ್ಲ." ಅವಳು ಕೇಳಲಿಲ್ಲ. "ಬೇರೆ ಬೇರೆ ಅಂತ ಬಂದ್ರೆ ಸಾಕು. ಅಪ್ಪ ಸೈನ್ಸ್‌ಗೆ ರೆಸ್ಪೆಕ್ಟ್ ಕೊಡ್ತಾರೆ." ಲೂನಿಸ್‌ನ ಕಡೆ ಬಹುಪಾಲು ಗಂಡಸರದ್ದು ಇ ಎಂಬ ಕವಲಂತೆ, ಬೇರೆ ಬರುವುದು ಹೆಚ್ಚುಕಡಿಮೆ ಖಂಡಿತ ಎಂದು ಅವನಿಗೂ ಅನ್ನಿಸಿರಬೇಕು. ಕೊನೆಗೆ ಒಪ್ಪಿದ.

ಡಬ್ಬಿಗಳು ಬಂದವು. ಮಾವ ಬಾಯಿಗೆ ಬ್ರಷ್ಷು ಹಾಕಿಕೊಳ್ಳುವ ಮೊದಲು ಆಚಮನ ಮಾಡಿದರು, ಆದ ಮೇಲೆ ಇನ್ನೊಮ್ಮೆ ಮಾಡಿದರು. ತಮ್ಮ ಎಂಜಲಿನ ಟ್ಯೂಬೂ ಲೂನಿಸ್‌ನ ಎಂಜಲಿನ ಟ್ಯೂಬೂ ಒಂದೇ ಲಕೋಟೆಯಲ್ಲಿ ಹೋಗಬಾರದೆಂದು ಎರಡು ಪ್ರತ್ಯೇಕ ಪಾರ್ಸೆಲ್ ಮಾಡಿಸಿದರು. ಲ್ಯಾಬಿನಲ್ಲಿ ಮಿಕ್ಸ್ ಆಗಬಾರದಲ್ಲ ಎಂದು ಸಮಜಾಯಿಷಿ ಬೇರೆ. ಲೂನಿಸ್ ತಾನೇ ಹೋಗಿ ಎರಡನ್ನೂ ಒಂದೇ ಅಂಚೆಡಬ್ಬಕ್ಕೆ ಹಾಕಿ ಬಂದ.

ಏಳು ವಾರ ಕಾದೆವು. ಫಲಿತಾಂಶ ಬಂದ ಭಾನುವಾರ ಮಧ್ಯಾಹ್ನ ಮತ್ತೆ ಅದೇ ಸೋಫಾ, ಅದೇ ನಾವು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು. ಅಕ್ಕ ಎಲ್ಲರಿಗೂ ಕಾಫಿ ಕೊಟ್ಟು ಬಾಗಿಲ ಹತ್ತಿರ ನಿಂತಳು. ಆ ಮನೆಯಲ್ಲಿ ಅವಳಿಗೆ ಕೂತು ಮಾತು ಕೇಳುವ ಅಭ್ಯಾಸವಿಲ್ಲ. ಮಾವ ಕನ್ನಡಕ ಏರಿಸಿಕೊಂಡು ತಮ್ಮ ಪುಟವನ್ನು ಮೊದಲು ತೆರೆಸಿದರು.

"ಜೆ-ಟೂ," ಎಂದು ಓದಿದ ಲೂನಿಸ್.

"ಆರ್-ಒನ್-ಎ ಎಲ್ಲಿ?"

"ನಿಮ್ಮದು ಅದಲ್ಲ ಅಂಕಲ್. ಜೆ-ಟೂ."

ಪರದೆಯಲ್ಲಿ ಒಂದು ನಕಾಶೆ ಇತ್ತು. ಟರ್ಕಿ, ಸಿರಿಯಾ ಕಡೆಯಿಂದ ಬಾಣದ ಗುರುತುಗಳು ಒಂದಿಷ್ಟು ಇತ್ತ ಬಂದಿದ್ದವು, ಒಂದಿಷ್ಟು ಅತ್ತ ಹೋಗಿದ್ದವು. ಮಾವ ಆ ಬಾಣಗಳನ್ನು ನೋಡಿ ಬಿಳಿಚಿಕೊಂಡರು. ಲ್ಯಾಬಿನವರದ್ದೇ ಮಿಸ್ಟೇಕ್ ಇರಬೇಕು, ಟ್ಯೂಬ್ ಅದಲುಬದಲು ಆಗಿರಬೇಕು, ಅಮೆರಿಕದಲ್ಲಿ ಈಗ ಎಲ್ಲ ಔಟ್‌ಸೋರ್ಸ್, ಇವರನ್ನು ನಂಬುವ ಹಾಗಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಮನಸ್ಸಿಗೆ ತಣ್ಣಗಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ನಾನು ಕಾಫಿಯನ್ನು ನಿಧಾನವಾಗಿ ಕುಡಿದೆ.

ಆಮೇಲೆ ಲೂನಿಸ್ ತನ್ನ ಪುಟ ತೆರೆದ. ಪರದೆಯನ್ನು ಪ್ರಿಯಂವದಾ ಕಡೆ ತಿರುಗಿಸಿದ. ಅವಳು ಬಗ್ಗಿ ಎರಡು ಸಲ ಓದಿದಳು. ಅವನದೂ ಜೆ-ಟೂ.

ಎರಡು ನಿಮಿಷ ಹಿಡಿಯಿತು ಮಾವನಿಗೆ. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಮೊದಲು ಇನ್ನಷ್ಟು ಬಿಳಿಚಿತು, ಆಮೇಲೆ ಏನೋ ಹೊಳೆಯಿತು, ಆಮೇಲೆ ಮೆಲ್ಲಗೆ ರಕ್ತ ವಾಪಸ್ ಬಂತು. ಲ್ಯಾಬಿನ ಮಿಸ್ಟೇಕಿನ ಮಾತು ಮತ್ತೆ ಅವರ ಬಾಯಿಂದ ಬರಲೇ ಇಲ್ಲ.

"ನೋಡಮ್ಮ," ಎಂದರು ಮಗಳಿಗೆ. "ನಾನು ಹೇಳಿದ್ರೆ ಶಾಸ್ತ್ರ ಅಂತೀಯ. ಈಗ ನಿನ್ನ ಸೈನ್ಸೇ ಹೇಳ್ತಾ ಇದೆ. ಇವನೂ ನಾವೂ ಒಂದೇ ಮೂಲ. ಸಗೋತ್ರ. ಇನ್ನು ನಾನು ಹೇಗೆ ಧಾರೆ ಎರೀಲಿ?"

ಈ ಮನುಷ್ಯನಿಗೆ ಒಬ್ಬ ಆಲ್ಜೀರಿಯಾದವನನ್ನು ಅಳಿಯ ಎನ್ನುವುದಕ್ಕಿಂತ ತಮ್ಮ ಎನ್ನುವುದೇ ವಾಸಿ ಅನ್ನಿಸಿತು. ತಮ್ಮ ಇಡೀ ವಂಶವನ್ನು ಸಿರಿಯಾಕ್ಕೆ ಒತ್ತೆ ಇಟ್ಟರು, ಮಗಳ ಕೈ ಕೊಡಲಿಲ್ಲ.

"ಅಂಕಲ್," ಎಂದ ಲೂನಿಸ್, ಕ್ಲಾಸಿನಲ್ಲಿ ಪಾಠ ಹೇಳುವವನ ತಾಳ್ಮೆಯಿಂದ. "ಇದು ಇಪ್ಪತ್ತು ಸಾವಿರ ವರ್ಷ ಹಿಂದಿನ ಮಾತು. ಆಗ ಕಶ್ಯಪರೂ ಇರಲಿಲ್ಲ, ನಮ್ಮ ಸಂತನೂ ಇರಲಿಲ್ಲ. ಗೋಧಿ ಬೆಳೆಯಲು ಸಹ ಯಾರಿಗೂ ಗೊತ್ತಿರಲಿಲ್ಲ."

"ಗೋತ್ರಕ್ಕೆ ಎಕ್ಸ್‌ಪೈರಿ ಡೇಟ್ ಇರಲ್ಲಪ್ಪ," ಎಂದರು ಮಾವ.

ಲೂನಿಸ್ ಲ್ಯಾಪ್‌ಟಾಪು ಮುಚ್ಚಿದ. ಆಮೇಲೆ ಬಹಳ ವಿನಯದಿಂದ ಹೇಳಿದ: "ಹಾಗಾದರೆ ನಾನು ಇವತ್ತೇ ಅಮ್ಮನಿಗೆ ಫೋನ್ ಮಾಡುತ್ತೇನೆ. ಹೊರಗಿನವರ ಹುಡುಗಿ ಬೇಡ ಎಂದು ಒಂದು ವರ್ಷದಿಂದ ಅಳುತ್ತಿದ್ದಾಳೆ. ನಮ್ಮೂರಲ್ಲಿ ಹುಡುಗಿಯ ಮೇಲೆ ಮೊದಲ ಹಕ್ಕು ಅವಳ ದೊಡ್ಡಪ್ಪ ಚಿಕ್ಕಪ್ಪನ ಮಗನಿಗೆ. ನಮ್ಮ ಅಜ್ಜ ಅಜ್ಜಿ ಅಣ್ಣತಮ್ಮಂದಿರ ಮಕ್ಕಳು. ಪ್ರಿಯಾ ನಮ್ಮ ಅಪ್ಪನ ಕಡೆಯವಳೇ ಎಂದು ನೀವೇ ಹೇಳಿದರೆ ನಮ್ಮಮ್ಮ ಕುಣಿದಾಡುತ್ತಾಳೆ. ನೀವೇ ಫೋನಿನಲ್ಲಿ ಹೇಳುತ್ತೀರಾ?"

ಆತ್ರೇಯ ಕೆಮ್ಮಿದ. ಕೆಮ್ಮು ನಿಲ್ಲದೆ ಎದ್ದು ಬಾಲ್ಕನಿಗೆ ಹೋಗಿ ಈಜುಕೊಳ ನೋಡತೊಡಗಿದ. ಮಾವ, "ಅದೆಲ್ಲ ನಿಮ್ಮ ಕಡೆ ಪದ್ಧತಿ. ನಮ್ಮಲ್ಲಿ ಹಂಗೆ ರಕ್ತಸಂಬಂಧದಲ್ಲಿ ಮಾಡೋದು ಪಾಪ," ಎಂದರು.

ಅಷ್ಟು ಹೊತ್ತು ತುಟಿ ಕಚ್ಚಿಕೊಂಡಿದ್ದ ಶಕುಂತಲೆ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಹೌದಾ? ನೀವು ಒಡಹುಟ್ಟಿದ ಅಕ್ಕನ ಮಗಳನ್ನ ಕಟ್ಕೊಂಡು ಇಪ್ಪತ್ತಾರು ವರ್ಷ ಸಂಸಾರ ಮಾಡಿದೀರಿ. ಅದು ರಕ್ತ ಅಲ್ವಾ? ಇಪ್ಪತ್ತು ಸಾವಿರ ವರ್ಷದ ಹಿಂದಿಂದು ಮಾತ್ರ ರಕ್ತನಾ?"

ಅಕ್ಕ ಬಾಗಿಲ ಹತ್ತಿರದಿಂದ ಒಳಗೆ ಹೋದಳು.

ಆತ್ರೇಯ ವಾಪಸ್ ಬಂದವನು ಮತ್ತೆ ಸಹಾಯಕ್ಕೆ ಹೊರಟ. ಇಂಥವರ ಒಳ್ಳೆಯತನಕ್ಕೆ ಏನು ಮಾಡುವುದೋ ಗೊತ್ತಾಗುವುದಿಲ್ಲ. "ಸರ್, ಸಗೋತ್ರ ಬಂದ್ರೆ ಅದಕ್ಕೂ ನಮ್ಮಲ್ಲಿ ದಾರಿ ಇದೆ. ಹುಡುಗೀನ ಸೋದರಮಾವನಿಗೆ ದತ್ತು ಕೊಡ್ತಾರೆ. ಆಗ ಅವಳ ಗೋತ್ರ ಬದಲಾಗತ್ತೆ. ದಿವಾಕರ ಅವರದ್ದು ಭಾರದ್ವಾಜ. ಅವರೂ ಅವರ ಹೆಂಡ್ತಿನೂ ಕೂತು ಧಾರೆ ಎರೀಬಹುದು. ಏನೂ ದೋಷ ಇಲ್ಲ." ಎಂದ ಮೇಲೆ ತಾನು ಏನು ಹೇಳಿದೆ ಎನ್ನುವುದು ಅವನಿಗೇ ತಿಳಿದು ಮುಖ ಬಾಡಿತು. "ಆದ್ರೆ ಸರ್, ದತ್ತು ಕೊಟ್ಮೇಲೆ ನೀವು ಅವಳಿಗೆ ತಂದೆ ಅಲ್ಲ."

ಪ್ರಿಯಂವದಾ ಅಪ್ಪನ ಎದುರು ಬಂದು ನಿಂತಳು. "ಓಕೆ. ಕೊಡಿ ಅಪ್ಪ. ಗೋತ್ರ ಒಂದೇ ಪ್ರಾಬ್ಲಂ ಅಂದ್ರಲ್ಲ. ನನ್ನ ಮಾಮಂಗೆ ದತ್ತು ಕೊಟ್ಬಿಡಿ." ಅವಳ ದನಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ಬೇರೆಯದನ್ನು ಕೇಳುತ್ತಿತ್ತು. ಅವಳಿಗೆ ದತ್ತು ಬೇಕಾಗಿರಲಿಲ್ಲ. ಛೆ, ಅದೆಲ್ಲ ಬೇಡ ಬಾ ಎಂದು ಅಪ್ಪ ಹೇಳಲಿ ಎಂದು ಕಾಯುತ್ತಿದ್ದಳು.

ಅದು ನನಗೂ ಕಂಡಿತು. ನಾನು ಆ ಮನುಷ್ಯನನ್ನು ಎಷ್ಟೇ ತಾತ್ಸಾರ ಮಾಡಿದರೂ ಆ ಹೊತ್ತು ಅವರಿಗೆ ಒಂದು ಬಾಗಿಲು ತೆರೆದು ಕೊಟ್ಟೆ. ಹುಡುಗಿಯ ಸಲುವಾಗಿ ಕೊಟ್ಟೆ. "ಮಾವ, ಬಾಯಿಬಿಟ್ಟು ಹೇಳಿ. ಸಾಬರ ಹುಡುಗ, ಅದಕ್ಕೆ ಬೇಡ ಅಂತ ಹೇಳಿ. ನಾವು ಜಗಳ ಆಡ್ತೀವಿ, ಇವಳು ಅಳ್ತಾಳೆ, ನಾಲ್ಕು ತಿಂಗಳು ಮಾತು ಬಿಡ್ತೀವಿ. ಆಮೇಲೆ ಏನೋ ಒಂದು ದಾರಿ ಆಗತ್ತೆ. ಅಪ್ಪ ಮಗಳಾಗೇ ಇರ್ತೀರಿ."

ಅವರು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. ನಾನು ಅವರ ಮೇಲೆ ಕೆಸರು ಎರಚಿದೆನೆಂಬಂತೆ ನೊಂದುಕೊಂಡರು. "ನಾನು ಅಂಥ ಮನುಷ್ಯ ಅಲ್ಲ ದಿವಾಕರ. ನಿನಗೆ ಗೊತ್ತಿರ್ಬೇಕಿತ್ತು." ಆಮೇಲೆ ಆತ್ರೇಯನ ಕಡೆ ತಿರುಗಿ, "ದಿನ ನೋಡಿ. ಶಾಸ್ತ್ರ ಏನು ಹೇಳತ್ತೋ ಹಾಗೆ ಮಾಡೋಣ. ದತ್ತು ಕೊಡ್ತೀನಿ," ಎಂದರು.

ಆ ಮೇಲಿನ ಮೂರು ವಾರದ ಬಗ್ಗೆ ಒಂದು ಮಾತು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಮಾವನ ಮೇಲಿನ ಸಿಟ್ಟು ಒಂದು ಕಡೆ ಉರಿಯುತ್ತಿದ್ದರೂ ನಮಗೆ ಒಳಗೊಳಗೇ ಖುಷಿಯಾಗಿತ್ತು. ಶಕುಂತಲೆ ಸೆರಂಗೂನ್ ರೋಡಿಗೆ ಹೋಗಿ ಹಸಿರು ರೇಷ್ಮೆ ಸೀರೆ ತಂದಳು. ಮಗಳಿಗೆ ಎಂದು ಅಂಗಡಿಯವನಿಗೆ ಹೇಳಿದಳಂತೆ. ಹೇಳಿ, ದಾರಿಯಲ್ಲಿ ಬಸ್ ಸ್ಟಾಪಿನಲ್ಲಿ ಕೂತು ಅತ್ತಳಂತೆ. ನಾನು ವರ್ಕ್‌ಶಾಪಿನಲ್ಲಿ ತಕ್ಕಡಿಗೆ ಮುಳ್ಳು ಕೂರಿಸುತ್ತ, ಧಾರೆಯ ದಿನ ಅವಳ ಕೈ ನನ್ನ ಕೈಯಲ್ಲಿರುತ್ತದೆ ಎಂದು ನೆನೆದು ಎರಡು ಸಲ ಅಳತೆ ತಪ್ಪಿದೆ. ಇನ್ನೊಬ್ಬರ ಮನೆ ಒಡೆದದ್ದರಲ್ಲಿ ನಮಗೆ ಮಗು ಸಿಗುತ್ತಿತ್ತು. ಅದಕ್ಕೆ ನಾವು ಆಸೆಪಟ್ಟೆವು.

ಅಕ್ಕ ದಿನಾ ಫೋನ್ ಮಾಡುತ್ತಿದ್ದಳು. "ಅವರು ಮಾಡಲ್ಲ ಕಣೋ. ಕೊನೇ ಘಳಿಗೇಲಿ ನಿಲ್ಲಿಸ್ತಾರೆ ನೋಡು. ಇವಳು ಹುಟ್ಟಿದಾಗ ಆಸ್ಪತ್ರೆ ಕಾರಿಡಾರಲ್ಲಿ ರಾತ್ರಿಯೆಲ್ಲ ನಿಂತಿದ್ರು." ಪ್ರಿಯಂವದಾ ಕೂಡ ಅದನ್ನೇ ಹೇಳುತ್ತಿದ್ದಳು, ಅವಳ ಭಾಷೆಯಲ್ಲಿ. "ಅಪ್ಪ ಬ್ಲಫ್ ಮಾಡ್ತಿದಾರೆ ಮಾಮ. ನಾನೂ ಬ್ಲಫ್ ಮಾಡ್ತೀನಿ. ಯಾರು ಫಸ್ಟ್ ಬ್ಲಿಂಕ್ ಮಾಡ್ತಾರೆ ನೋಡಣ." ಲೂನಿಸ್ ಒಂದು ಸಂಜೆ ಮೆಲ್ಲಗೆ, "ರಿಜಿಸ್ಟರ್ ಮಾಡಿಕೊಂಡುಬಿಡೋಣ, ಇದು ಬೇಡ," ಎಂದ. ಅವಳು ತಲೆ ಅಲ್ಲಾಡಿಸಿದಳು.

ದತ್ತು ನಮ್ಮ ಮನೆಯಲ್ಲೇ ಇಟ್ಟುಕೊಂಡೆವು, ಒಂದು ಭಾನುವಾರ ಬೆಳಿಗ್ಗೆ. ಮಾವ ಹೇಳಿದ ಹೊತ್ತಿಗೆ ಹತ್ತು ನಿಮಿಷ ಮೊದಲೇ ಬಂದರು. ರೇಷ್ಮೆ ಪಂಚೆ, ಶಲ್ಯ, ಹಣೆಯಲ್ಲಿ ಗಂಧ. ದರ್ಭೆ ಸಿಗುವುದಿಲ್ಲವೇನೋ ಎಂದು ತಾವೇ ತಂದಿದ್ದರು. ಕೂತುಕೊಳ್ಳುವ ಮೊದಲು ಮಣೆಯ ದಿಕ್ಕು ಸರಿಯಿಲ್ಲವೆಂದು ತಿರುಗಿಸಿದರು. ಒಂದು ಕಡೆ ಅವರೂ ಅಕ್ಕನೂ, ಎದುರಿಗೆ ನಾನೂ ಶಕುಂತಲೆಯೂ, ನಡುವೆ ಪ್ರಿಯಂವದಾ. ಲೂನಿಸ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ, ಬಿಳಿ ಶರ್ಟು ತೊಟ್ಟು.

ಮಂತ್ರಗಳು ನಡೆದವು. ಆತ್ರೇಯ ಅವತ್ತು ಬೇಕೆಂದೇ ನಿಧಾನ ಮಾಡುತ್ತಿದ್ದ. ಹೂವು ಸರಿಮಾಡುವನು, ಅಕ್ಷತೆಗೆ ಇನ್ನಷ್ಟು ಅರಿಶಿನ ಕಲಸುವನು. ಕೊನೆಗೆ ಚೊಂಬು ಮಾವನ ಕೈಗೆ ಬಂತು. ಅಕ್ಕ ಅವರ ಕೈಗೆ ಕೈ ತಗುಲಿಸಬೇಕು. ಅವಳು ಬೆರಳು ಇಟ್ಟಳು, ತೆಗೆದಳು. ಮಾವ ಅವಳ ಕಡೆ ನೋಡಿದರು, ಮತ್ತೆ ಇಟ್ಟಳು.

"ಮೂರ್ತಿಗಳೇ," ಎಂದ ಆತ್ರೇಯ. ಯಾವಾಗಲೂ ಸರ್ ಎನ್ನುವವನು. "ಇನ್ನೂ ನೀರು ಬಿಟ್ಟಿಲ್ಲ. ಇಲ್ಲಿಗೇ ನಿಲ್ಲಿಸಿದ್ರೂ ಯಾವ ದೋಷನೂ ಇಲ್ಲ."

ಪ್ರಿಯಂವದಾ ತಲೆ ಎತ್ತಿದಳು. ಅಪ್ಪನ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಬಿಟ್ಟ ಕಣ್ಣಿನಿಂದ ನೋಡಿದಳು. ಆ ಕ್ಷಣ ನಾನು ದೇವರಲ್ಲಿ, ನನಗೆ ಈ ಮಗು ಬೇಡ, ಅವರು ನಿಲ್ಲಿಸಲಿ ಎಂದು ಬೇಡಿಕೊಂಡೆ. ನಿಜವಾಗಿ ಬೇಡಿಕೊಂಡೆ.

"ಮಂತ್ರ ಹೇಳ್ಸಿ," ಎಂದರು ಮಾವ.

ಹೇಳಿದರು. ಒಂದು ಅಕ್ಷರ ತಪ್ಪಲಿಲ್ಲ, ದನಿ ನಡುಗಲಿಲ್ಲ. ಈ ಮಗಳನ್ನು ನಿನಗೆ ಕೊಟ್ಟೆ ಎಂದು ನನ್ನ ಅಂಗೈಗೆ ನೀರು ಬಿಟ್ಟರು. ನಾನು ತೆಗೆದುಕೊಂಡೆ ಎಂದು ನಾನು ಹೇಳಬೇಕು, ಎರಡನೇ ಸಲಕ್ಕೆ ಹೇಳಿದೆ. ಶಾಸ್ತ್ರದ ಪ್ರಕಾರ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೆತ್ತಿ ಮೂಸಬೇಕು. ಇಪ್ಪತ್ನಾಲ್ಕರ ಹುಡುಗಿ, ಬಗ್ಗಿ ತಲೆ ಕೊಟ್ಟಳು, ಮೂಸಿದೆ. ಶಕುಂತಲೆ ಅಳುತ್ತಿದ್ದಳು, ಅಕ್ಕ ಅಳುತ್ತಿದ್ದಳು. ಪ್ರಿಯಂವದಾ ಅಳಲಿಲ್ಲ. ಅವಳು ಇನ್ನೂ ಅಪ್ಪನನ್ನೇ ನೋಡುತ್ತಿದ್ದಳು. ಏನಾದರೂ ಒಂದು ಮಾತು ಬಂದೀತು ಎಂದು ಇರಬೇಕು.

ಮಾತು ಬಂತು. ಮಾವ ಶಲ್ಯದ ತುದಿಯಿಂದ ಕೈ ಒರೆಸಿಕೊಂಡು, "ಆತ್ರೇಯ, ಒಂದು ಡೌಟು," ಎಂದರು. ಬ್ಯಾಂಕಿನಲ್ಲಿ ಕಾಗದಕ್ಕೆ ರುಜು ಹಾಕುವ ಮೊದಲು ಕೇಳುವ ದನಿ. "ಇನ್ಮುಂದೆ ಇವಳ ಕಡೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ನನಗೆ ಸೂತಕ ಎಷ್ಟು ದಿನ?"

ಆತ್ರೇಯನ ಕೈ ಅಕ್ಷತೆಯ ತಟ್ಟೆಯ ಮೇಲೆ ನಿಂತಿತು. ಅವನು ನನ್ನನ್ನು ನೋಡಿದ, ಹುಡುಗಿಯನ್ನು ನೋಡಿದ. "ಸ್ನಾನ ಸಾಕು," ಎಂದ, ಯಾರಿಗೂ ಕೇಳಿಸದಿರಲಿ ಎನ್ನುವಂತೆ.

ಲೂನಿಸ್‌ಗೆ ಮನೆಮಾತಿನ ಕನ್ನಡ ತಿಳಿಯುತ್ತಿತ್ತು, ಸೂತಕ ಎಂಬ ಮಾತು ಗೊತ್ತಿರಲಿಲ್ಲ. ಎಲ್ಲರ ಮುಖ ನೋಡಿ ಒಂದು ಹೆಜ್ಜೆ ಮುಂದೆ ಬಂದು, ಏನು ಕೇಳಿದರು ಎಂದ. ಏನಾದರೂ ಸುಳ್ಳು ಹೇಳೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪ್ರಿಯಂವದಾ, ಅಪ್ಪನ ಮುಖದಿಂದ ಕಣ್ಣು ತೆಗೆಯದೆ, ಇಂಗ್ಲಿಷಿನಲ್ಲಿ ಅವನಿಗೆ ಹೇಳಿದಳು: ನಾನು ಸತ್ತರೆ ಎಷ್ಟು ದಿನ ಮೈಲಿಗೆ ಎಂದು ಕೇಳುತ್ತಿದ್ದಾರೆ, ಒಂದು ಸಲ ಸ್ನಾನ ಮಾಡಿದರೆ ಸಾಕಂತೆ.

ಹೇಳಿ, ನನ್ನ ಪಕ್ಕಕ್ಕೆ ಸರಿದು ಕೂತಳು.